ತಗಡಿಲ್ಲದ ಕುರ್ಚಿ

ಚರ್ಚಿನ ಹಿಂಬದಿಯ ಚಿತ್ರದ ಕೋಣೆಯಲ್ಲಿ ಬಣ್ಣವಿತ್ತು, ಕಾಗದವಿತ್ತು, ಕುಂಚ ತೊಳೆಯಲು ನಲ್ಲಿಯಿತ್ತು, ಹಳೆಯ ಬಾಗಿಲಿಗೆ ಕಾಲು ಹೊಡೆದು ಮಾಡಿದ ಗಿಡ್ಡ ಮೇಜೂ ಇತ್ತು. ಅದರ ಸುತ್ತ ಕೂರಲು ಮಾತ್ರ ಏನೂ ಇರಲಿಲ್ಲ. ಸಂಡೇ ಸ್ಕೂಲಿನ ಮಕ್ಕಳು ಕಲ್ಲು ಹಾಸಿನ ಮೇಲೆ ಬೋರಲು ಬಿದ್ದುಕೊಂಡು ಚಿತ್ರ ಬರೆಯುತ್ತಿದ್ದರು. ಚಳಿ ಶುರುವಾಯಿತೆಂದರೆ ಒಬ್ಬರಿಗೆ ನೆಗಡಿ, ಇನ್ನೊಬ್ಬರಿಗೆ ಕೆಮ್ಮು.

"ಮುಂದಿನ ವಾರದಿಂದ ಮಗೂನ ಕಳಿಸಲ್ಲ ಟೀಚರ್, ಬೇಜಾರು ಮಾಡ್ಕೋಬೇಡಿ" ಎಂದು ತಾಯಂದಿರು ಒಬ್ಬೊಬ್ಬರಾಗಿ ಬಂದು ಹೇಳಿ ಹೋಗುತ್ತಿದ್ದರು.

ಬೇಜಾರು ಮಾಡಿಕೊಳ್ಳಬಾರದಂತೆ! ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಚಿತ್ರದ ಟೀಚರಿಗೆ ತಲೆ ಕೆಡದೆ ಉಳಿದದ್ದೇ ಈ ಕೋಣೆಯಿಂದ. ಮಕ್ಕಳು ಬರದೇ ಹೋದರೆ ಕೋಣೆಗೆ ಬೀಗ ಬೀಳುತ್ತಿತ್ತು. ಆಮೇಲೆ ಅವಳಿಗೆ ಮತ್ತೆ ಮನೆಯ ಅದೇ ನಾಲ್ಕು ಗೋಡೆ.

ಚರ್ಚಿನ ಖಜಾಂಚಿಯನ್ನು ಮಕ್ಕಳು ಮುಷ್ಟಿ ಮಾಮ ಎಂದು ಕರೆಯುತ್ತಿದ್ದರು. ಕೈ ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. "ಕುರ್ಚಿ ತಾನೇ? ಮದುವೆ ಹಾಲಲ್ಲಿ ಪ್ಲಾಸ್ಟಿಕ್ ಕುರ್ಚಿ ರಾಶಿ ಬಿದ್ದಿವೆ, ತಗೊಂಡು ಹೋಗಿ" ಎಂದ. ತಂದು ಹಾಕಿದರೆ ಮಕ್ಕಳ ಕಾಲು ನೆಲ ಮುಟ್ಟಲಿಲ್ಲ, ಮೊಣಕಾಲು ಮೇಜಿಗೆ ಬಡಿಯಿತು. ಅಂಗಡಿಯಲ್ಲಿ ಮಕ್ಕಳ ಅಳತೆಯವೇನೋ ಇದ್ದವು. ಬೆಲೆ ಕೇಳಿ ಮುಷ್ಟಿ ಮಾಮ ಎದೆ ಹಿಡಿದುಕೊಂಡು, ಪಾಪ, ಅಂಗಡಿಯವನ ಕೈಯಿಂದಲೇ ನೀರು ಕುಡಿದ.

ಟೀಚರ ಗಂಡ ಬಡಗಿ. ಸಾಮಾನು ಕಟ್ಟಿ ಬರುವ ಪೆಟ್ಟಿಗೆಗಳ ಹಲಗೆಯಿಂದ ಮಾಡಿದರೆ ಅಗ್ಗವಾಗುತ್ತದೆ, ಕೂಲಿ ಬೇಡ ಎಂದ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಿಮ್ಮಡಿಯಿಂದ ಮೊಣಕಾಲಿನವರೆಗೆ ದಾರ ಹಿಡಿದು ಅಳತೆ ತೆಗೆದುಕೊಂಡ. ಕಚಗುಳಿಯಿಟ್ಟಂತಾಗಿ ಮಕ್ಕಳು ಕಿಲಕಿಲ ನಕ್ಕರು. ಉಳಿದದ್ದು ಹಲಗೆಯ ದುಡ್ಡು. ಅದಕ್ಕೆ ದಾರಿ ಹುಡುಕಿದವಳು ಟೀಚರೇ, ಬೇರೆ ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ.

"ಆರಾಧನೆಯ ಬೆಂಚುಗಳಿಗೆಲ್ಲ ತೀರಿಹೋದವರ ಹೆಸರಿನ ತಗಡು ಹೊಡೆದಿಲ್ವಾ? ಇದಕ್ಕೂ ಹಾಗೇ ಮಾಡೋಣ. ಒಂದೊಂದು ಮನೆಯವರು ತಮ್ಮವರ ನೆನಪಿಗೆ ಒಂದೊಂದು ಕುರ್ಚಿ ಕೊಡ್ಲಿ" ಎಂದಳು.

ಅಷ್ಟು ಹೇಳಿದ್ದೇ ತಡ, ಬದುಕಿರುವ ಮಕ್ಕಳಿಗೆ ಬಿಡಿಗಾಸು ಬಿಚ್ಚದ ಜನ ಸತ್ತವರಿಗಾಗಿ ನಾ ಮುಂದು ತಾ ಮುಂದು ಎಂದು ಬಂದರು. ಬಡಗಿ ವಾರಗಟ್ಟಲೆ ಬೆನ್ನು ಬಗ್ಗಿಸಿ ದುಡಿದ. ಪ್ರತಿ ಕುರ್ಚಿಯ ಬೆನ್ನಿಗೂ ಹಿತ್ತಾಳೆಯ ತಗಡು ಹೊಳೆಯಿತು. ಪಾದ್ರಿಗಳು ಪ್ರಾರ್ಥನೆ ಮಾಡಿದರು, ಫೋಟೋ ತೆಗೆದರು, ಮಕ್ಕಳು ಕೂತರು. ಕಾಲು ನೆಲ ಮುಟ್ಟಿತು. ಟೀಚರ್ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡಳು.

ಆ ಸಂತೋಷ ಮುಂದಿನ ಭಾನುವಾರದವರೆಗೂ ಬಾಳಲಿಲ್ಲ. ಔಷಧಿ ಅಂಗಡಿಯವನು ತನ್ನ ಅಪ್ಪನ ಕುರ್ಚಿ ನೋಡಲು ಬಂದ. ಅದರ ಮೇಲೆ ನೀಲಿ ಬಣ್ಣ ಚೆಲ್ಲಿತ್ತು.

"ಏನ್ ಟೀಚರ್ ಇದು? ನಮ್ಮಪ್ಪ ಬದುಕಿರೋವರೆಗೂ ಅಂಗಿ ಮೇಲೆ ಒಂದು ಕಲೆ ಬೀಳೋಕೆ ಬಿಟ್ಟೋರಲ್ಲ!"

"ಸಾರ್, ಇದು ಚಿತ್ರದ ಕೋಣೆ."

"ಇರಬಹುದು. ಅದು ನಮ್ಮಪ್ಪನ ಹೆಸರು."

ಮರುದಿನವೇ ಆ ಕುರ್ಚಿಗೆ ಪ್ಲಾಸ್ಟಿಕ್ ಹೊದಿಕೆ ಬಂತು. ಅದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಹೊದಿಕೆ ಹೊದ್ದ ಕುರ್ಚಿಯ ಮೇಲೆ ಮಕ್ಕಳು ಜಾರತೊಡಗಿದರು. ಮಕ್ಕಳು ಜಾರಿ ಬಿದ್ದಾರೆಂದು ಮುಷ್ಟಿ ಮಾಮ ಕುರ್ಚಿಗಳನ್ನೆಲ್ಲ ಗೋಡೆಗೆ ಸಾಲಾಗಿ ಒರಗಿಸಿದ. ಸತ್ತವರು ಸುಖವಾಗಿ ಗೋಡೆಗೊರಗಿ ಕೂತರು. ಮಕ್ಕಳು ಅವರ ಮುಂದೆ ಮತ್ತೆ ಕಲ್ಲಿನ ಮೇಲೆ ಬೋರಲು ಬಿದ್ದರು.

"ಕಲ್ಲು ಹೃದಯದೋರು ಕಣ್ರೀ! ಕೂರೋಕೆ ಕೊಟ್ರೋ, ಆರತಿ ಎತ್ತೋಕೆ ಕೊಟ್ರೋ?" ಎಂದು ಟೀಚರ್ ಮನೆಯಲ್ಲಿ ಪಾತ್ರೆ ಕುಕ್ಕಿದಳು. ಗಂಡ ಕೊಟ್ಟಿಗೆಗೆ ಹೋಗಿ ಉಳಿದ ಹಲಗೆಯಲ್ಲಿ ಇನ್ನೊಂದು ಕುರ್ಚಿ ಮಾಡಿದ. ಅದಕ್ಕೆ ದಾರ ಹಿಡಿಯಲಿಲ್ಲ. ಮಗಳ ಕಾಲಿನ ಅಳತೆ ಅವನ ಅಂಗೈಯಲ್ಲೇ ಇತ್ತು.

"ತಗಡು ಹೊಡೀಲಾ?" ಎಂದು ಕೇಳಿದ.

"ಬೇಡ. ನಮ್ಮ ಮಗಳದ್ದರ ಮೇಲೆ ಬಣ್ಣ ಬೀಳ್ಲಿ, ಗೀರು ಬೀಳ್ಲಿ. ನಾವು ಅವರ ಹಾಗಲ್ಲ."

ಮಾತು ಹೇಳಿ ಅವಳಿಗೆ ಹೆಮ್ಮೆಯೇ ಆಯಿತು. ಪಾಲಿಶ್ ಕೂಡ ಕಾಣದ ಆ ಕುರ್ಚಿಯನ್ನು ತಾನೇ ಹೊತ್ತು ತಂದು ಮೇಜಿನ ಮುಂದೆ ಇಟ್ಟಳು. ಮಗಳ ಸಂಗತಿ ಮಕ್ಕಳಿಗೆ ಹೇಳಲಿಲ್ಲ. ಮಕ್ಕಳು ಸರದಿಯಂತೆ ಅದರಲ್ಲಿ ಕೂತು ಬರೆದರು. ಔಷಧಿ ಅಂಗಡಿಯವನು ಬಾಗಿಲಲ್ಲಿ ಇಣುಕಿದಾಗಲೆಲ್ಲ ಅವಳು ಬೇಕೆಂದೇ ಆ ಕುರ್ಚಿಯತ್ತ ನೋಡುತ್ತಿದ್ದಳು.

ಮಕ್ಕಳಲ್ಲಿ ಒಬ್ಬಳನ್ನು ಎಲ್ಲರೂ ಚೂಟಿ ಎಂದೇ ಕರೆಯುತ್ತಿದ್ದರು. ಬಾಯಿ ಮುಚ್ಚಿದವಳಲ್ಲ, ಕೈ ಸುಮ್ಮನಿಟ್ಟವಳಲ್ಲ. ಇಡೀ ಚಳಿಗಾಲ ಕೆಮ್ಮುತ್ತಲೇ ಬಂದವಳು. ಆ ಭಾನುವಾರ ಅವಳ ಸರದಿ. ಟೀಚರ್ ನಲ್ಲಿಯ ಬಳಿ ಕುಂಚ ತೊಳೆದು ಬರುವಷ್ಟರಲ್ಲಿ ಚೂಟಿ ಕುರ್ಚಿಯ ಹಿಂದೆ ಮಂಡಿಯೂರಿ ಕೂತಿದ್ದಳು. ಕುರ್ಚಿಯ ಬೆನ್ನಿನ ಮೇಲೆ, ಬೇರೆ ಕುರ್ಚಿಗಳಿಗೆ ತಗಡು ಇರುವ ಜಾಗದಲ್ಲೇ ಸರಿಯಾಗಿ, ಕೆಂಪು ಬಣ್ಣದಲ್ಲಿ ದಪ್ಪಕ್ಷರದಲ್ಲಿ ತನ್ನ ಹೆಸರು ಬರೆದಿದ್ದಳು. ಸುತ್ತ ಹೂವನ್ನೂ ಬಿಡಿಸಿದ್ದಳು.

"ಏಳೇ ಮೇಲೆ!"

ಆ ದನಿ ತನ್ನದೆಂದು ಟೀಚರಿಗೇ ಗೊತ್ತಾಗಲಿಲ್ಲ. ಚೂಟಿಯ ರಟ್ಟೆ ಹಿಡಿದು ಎಳೆದಳು. ಕುಂಚ ನೆಲಕ್ಕೆ ಬಿತ್ತು.

"ಯಾರ ಕುರ್ಚಿ ಅಂತ ಬರೆದೆ? ಯಾರು ಹೇಳಿದ್ರು ನಿಂಗೆ?"

"ಯಾರ ಹೆಸರೂ ಇರ್ಲಿಲ್ಲ ಟೀಚರ್..." ಚೂಟಿ ರಟ್ಟೆ ಉಜ್ಜಿಕೊಂಡಳು. "ಅದಕ್ಕೇ... ಇದು ನಮ್ದು ಅನ್ಕೊಂಡೆ."

ಟೀಚರ್ ಒದ್ದೆ ಬಟ್ಟೆ ತಂದು ಉಜ್ಜಿದಳು. ಪಾಲಿಶ್ ಇಲ್ಲದ ಮರ ಬಣ್ಣವನ್ನು ಕುಡಿದುಬಿಟ್ಟಿತ್ತು, ಉಜ್ಜಿದಷ್ಟೂ ಕಲೆ ಹರಡಿತು. ಮಕ್ಕಳು ನೋಡುತ್ತಿದ್ದರು. ಕುರ್ಚಿಯನ್ನು ಬಗಲಿಗೆ ಇರುಕಿಕೊಂಡು ಅವಳು ತರಗತಿ ಮುಗಿಯುವ ಮುಂಚೆಯೇ ಮನೆಗೆ ನಡೆದಳು.

ಗಂಡ ಕೆಂಪು ಕಲೆಯನ್ನು ನೋಡಿದ, ಅವಳ ಮುಖವನ್ನೂ ನೋಡಿದ.

"ಬಣ್ಣ ಬೀಳ್ಲಿ ಅಂದೋಳು ನೀನೇ ಅಲ್ವೇನೇ?"

"ಬಣ್ಣ ಬೀಳ್ಲಿ ಅಂದೆ. ಬೇರೆಯವರ ಹೆಸರು ಬೀಳ್ಲಿ ಅಂದ್ನಾ? ಉಜ್ಜಿ ತೆಗೀರಿ."

ಅವನು ಮರಳು ಕಾಗದ ತೆಗೆದುಕೊಂಡು ಉಜ್ಜಿದ. ಕೆಂಪು ಪುಡಿ ಅವನ ಮಡಿಲಿಗೆ ಉದುರಿತು. ಹೂವು ಹೋಯಿತು, ಅಕ್ಷರ ಹೋಯಿತು. ಆಮೇಲೆ ಅವಳನ್ನು ಕೇಳದೆಯೇ ಒಳಗಿನಿಂದ ಹಿತ್ತಾಳೆಯ ತುಂಡು ತಂದ. ಅವಳು ಬೇಡ ಎನ್ನಲಿಲ್ಲ.

ಮುಂದಿನ ಭಾನುವಾರ ಟೀಚರ್ ಕುರ್ಚಿಯನ್ನು ಮೇಜಿನ ಮುಂದೆ ಇಡಲಿಲ್ಲ. ಗೋಡೆಯ ಸಾಲಿನ ಕೊನೆಯಲ್ಲಿ, ಔಷಧಿ ಅಂಗಡಿಯವನ ಅಪ್ಪನ ಪಕ್ಕದಲ್ಲಿ ಇಟ್ಟಳು. ಬಾಗಿಲಲ್ಲಿ ನಿಂತಿದ್ದ ಔಷಧಿ ಅಂಗಡಿಯವನು ತಗಡಿನ ಮೇಲಿನ ಹೆಸರು ಓದಿದ. ಮೊದಲ ಸಲ ಅವಳ ಜೊತೆ ಮೆತ್ತಗೆ ಮಾತಾಡಿದ.

"ಹೀಗೇ ಬಿಡಬೇಡಿ ಟೀಚರ್, ಧೂಳು ಕೂರುತ್ತೆ. ನನ್ನ ಹತ್ರ ಒಂದು ಹೊದಿಕೆ ಹೆಚ್ಚಿಗೆ ಇದೆ."

ಅವಳು ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡಳು. ಬಗ್ಗಿ ಕುರ್ಚಿಗೆ ಹೊದಿಸಿದಳು. ಹಿಂದೆ ಕಲ್ಲಿನ ನೆಲದಿಂದ ಯಾರೋ ಕೆಮ್ಮಿದರು. ಯಾರ ಕೆಮ್ಮೆಂದು ತಿಳಿಯಲು ಅವಳು ತಿರುಗಬೇಕಾಗಿರಲಿಲ್ಲ. ತಿರುಗಲಿಲ್ಲ; ಹೊದಿಕೆಯ ಮೂಲೆಗಳನ್ನು ಒಂದೊಂದಾಗಿ ಕಾಲುಗಳಿಗೆ ಸಿಕ್ಕಿಸುತ್ತಿದ್ದಳು.