ಮೊಲದ ಸಾಕ್ಷಿ

ಮುಂದೆ ಓಡಿ ವೇಗ ಕಟ್ಟಿಕೊಟ್ಟು, ನಡುವೆಯೇ ಪಕ್ಕಕ್ಕೆ ಸರಿಯುವವರನ್ನು ನಮ್ಮ ಓಟಗಾರರು ಮೊಲ ಅನ್ನುತ್ತಾರೆ. ಅವತ್ತು ಪಾಂಚೆವೊ ಊರಿನ ಮೈದಾನದಲ್ಲಿ ನೆವೆಂಕಾಳಿಗೆ ನಾನು ಮೊಲ. ಸಾವಿರದೈನೂರು ಮೀಟರಿನ ಓಟ. ಬೇಕಾದ ಸಮಯದೊಳಗೆ ಮುಗಿಸಿದರೆ ಅವಳು ಯುರೋಪಿನ ಪಂದ್ಯಕ್ಕೆ. ಮೂವತ್ನಾಲ್ಕು ದಾಟಿದವಳಿಗೆ ಇನ್ನೊಂದು ಸಲ ಅನ್ನುವುದಿರಲಿಲ್ಲ.

ಅವಳ ಮದುವೆಗೆ ಸಾಕ್ಷಿ ನಿಂತವಳು, ಇಗರ್ಜಿಯಲ್ಲಿ ಅವಳ ಮಗಳನ್ನು ಎತ್ತಿಕೊಂಡು ಹೆಸರಿಟ್ಟವಳು ನಾನು. ಅಂದರೆ ಅವಳ ಕುಮಾ. ನಮ್ಮಲ್ಲಿ ಒಡಹುಟ್ಟಿದವರನ್ನಾದರೂ ಬಿಟ್ಟಾರು, ಕುಮಾ ಸಂಬಂಧ ಕಡಿಯುವ ಪಾಪ ಯಾರೂ ಕಟ್ಟಿಕೊಳ್ಳುವುದಿಲ್ಲ.

ಎರಡೂವರೆ ಸುತ್ತಿಗೆ ನಾನು ಸರಿಯಬೇಕಿತ್ತು. ಅಷ್ಟರಲ್ಲಿ ಕೊಶಾವ ಗಾಳಿ ಎದುರಿಗೇ ಎದ್ದಿತು, ಹಾಳಾದ್ದು. ಈಗ ಸರಿದರೆ ಗಾಳಿಯೆಲ್ಲ ಅವಳ ಎದೆಗೇ ಬಡಿಯುತ್ತದೆ. ನಾನು ಸರಿಯಲಿಲ್ಲ.

"ಪಕ್ಕಕ್ಕೆ ಸರಿಯೇ, ಕೊಸಾರಾ!" ಹಿಂದಿನಿಂದ ಕಿರುಚಿದಳು.

ವಿವರಿಸಲು ಉಸಿರೆಲ್ಲಿತ್ತು? ತಲೆ ತಗ್ಗಿಸಿ ಓಡಿದೆ.

"ನನ್ನ ಜಾಗ ಕದೀತೀಯೇನೇ, ಹಾವೇ!"

ಮೈ ಉರಿದುಹೋಯಿತು. ಯಾರಿಗೋಸ್ಕರ ಸಾಯುತ್ತಿದ್ದೇನೆ ನಾನು? ಆದರೂ ಕೊನೆಯ ತಿರುವಿನವರೆಗೆ ಗಾಳಿಗೆ ಅಡ್ಡವಾಗಿದ್ದು, ಒಳಗಿನ ದಾರಿ ಬಿಟ್ಟುಕೊಡಲು ಹೊರಕ್ಕೆ ಸರಿದೆ. ಅವಳೂ ಹೊರಗಿನಿಂದಲೇ ನುಗ್ಗಿದ್ದಳು. ಎರಡೂ ಕೈಯಿಂದ ನನ್ನ ಬೆನ್ನು ನೂಕಿದಳು. ನಾನು ಮಕಾಡೆ ಬಿದ್ದೆ. ಅವಳು ಗುರಿ ಮುಟ್ಟಿದಳು, ಬೇಕಾದ ಸಮಯದೊಳಗೇ.

ಆದರೆ ತಪ್ಪು ಹಿಡಿಯಲೆಂದು ತಿರುವಿನಲ್ಲಿ ನಿಂತಿದ್ದವನು ಬಾವುಟ ಎತ್ತಿಬಿಟ್ಟಿದ್ದ. ಮುಖ್ಯ ತೀರ್ಪುಗಾರ ನಿಶ್‌ ಕಡೆಯ ದಢೂತಿ ಮನುಷ್ಯ, ನಮ್ಮ ಪರಿಚಯವಿಲ್ಲದವನು. ನನ್ನ ಮಂಡಿಯ ರಕ್ತ ನೋಡುತ್ತಾ ಬಂದ. ನೆವೆಂಕಾ ಅವನ ಹಿಂದೆಯೇ ನಿಂತಳು, ಬಿಳಿಚಿಕೊಂಡು.

"ಏನಮ್ಮಾ, ನೂಕಿದ್ಲಾ? ಹೂಂ ಅಂದ್ರೆ ಅವಳ ಓಟ ರದ್ದು."

ಹೂಂ ಅನ್ನುವ ಆಸೆ ನಾಲಿಗೆ ತುದಿಗೇ ಬಂದಿತ್ತು, ಸುಳ್ಳೇಕೆ ಹೇಳಲಿ.

"ಇಲ್ಲ. ನನ್ನ ಕಾಲೇ ತೊಡರ್ತು."

ಅವನು ನನ್ನನ್ನೇ ದಿಟ್ಟಿಸಿದ. "ನೀವಿಬ್ರೂ ಕುಮಾ ಗಿಮಾ ಅಲ್ಲ ತಾನೆ? ಕುಮಾ ಆಗಿದ್ರೆ ನಿನ್ನ ಮಾತು ಬೇಡ, ಬಾವುಟದವನ ಮಾತೇ ಸಾಕು. ಈ ದೇಶದಲ್ಲಿ ಕುಮಾಗೋಸ್ಕರ ಅಂದ್ರೆ ಶಿಲುಬೆ ಮುಟ್ಟಿ ಸುಳ್ಳು ಹೇಳ್ತಾರೆ."

ನಾನು ಹೆಸರಿಟ್ಟ ಆ ಮಗು ನನ್ನ ಕುತ್ತಿಗೆ ತಬ್ಬಿಕೊಳ್ಳುವುದು ನೆನಪಾಯಿತು.

"ಇವಳಾ? ನನಗೆ ಇವಳು ಯಾರೂ ಅಲ್ಲ."

ಅವನು ತಲೆಯಾಡಿಸಿ, ಫಲಿತಾಂಶ ಹಾಗೇ ಇರಲಿ ಎಂದು ಬಾವುಟದವನಿಗೆ ಕೂಗಿ ಹೇಳಿದ. ನೆವೆಂಕಾ ಹತ್ತಿರ ಬಂದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

"ಯಾರೂ ಅಲ್ವೇನೇ?" ಪಿಸುಗುಟ್ಟಿದಳು.

ತೀರ್ಪುಗಾರ ಇನ್ನೂ ಅಲ್ಲೇ ನಿಂತಿದ್ದ.

"ಅಲ್ಲ" ಅಂದೆ.