ಚಕ್ರವಿಲ್ಲದ ಗೊರಸಿನ ಸದ್ದು

ಒಂದೂರಲ್ಲಿ ಒಂದು ಕುದುರೆ ಇತ್ತಂತೆ. ಹುಟ್ಟುವಾಗಲೇ ಅದರ ಬೆನ್ನಹಿಂದೆ ಗಾಡಿಯೂ ಮೊಳೆತಿತ್ತಂತೆ.

ಕುದುರೆ ಎಳೆಯುವ ಐಸ್ ಗಾಡಿ ಕಿಟಕಿಯಡಿ ಹಾಯುವಾಗಲೆಲ್ಲ ಅಜ್ಜಿ ಹೀಗೇ ಕಥೆ ಶುರುಮಾಡುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಹಾಸಿಗೆ ಹಿಡಿದವಳಿಗೆ ಬೀದಿಯೆಂದರೆ ಬರೀ ಸದ್ದು. ಆ ಮುದಿ ಕುದುರೆ ಕುಂಟುತ್ತಿದೆಯೆಂದು ಮೊದಲು ಹೇಳಿದ್ದೂ ಅವಳೇ.

"ಸಾಯೋದ್ರೊಳಗೆ ಒಂದ್ಸಲ, ಹಿಂದೆ ಚಕ್ರ ಇಲ್ದೆ ಅದು ನಡೆಯೋದು ಕೇಳ್ಬೇಕು ಪುಟ್ಟಿ."

ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಮೊಮ್ಮಗಳು ಮಾತು ಕೊಟ್ಟಳು. ಕೊಟ್ಟವಳು ಕೈಗೆ ಸುಲಭವಾದದ್ದನ್ನೇ ಮಾಡಿದಳು: ಗಾಡಿಯವನ ಫೋಟೊದ ಕೆಳಗೆ 'ಕಟುಕ' ಎಂದು ಬರೆದು, ನೂರು ಪ್ರತಿ ತೆಗೆದು ಕಂಬಕಂಬಕ್ಕೂ ಅಂಟಿಸಿದಳು. ಮರುದಿನದಿಂದ ಅವನು ಬೇರೆ ಬೀದಿ ಹಿಡಿದ. ಸುತ್ತುದಾರಿಯ ಏರು ಕುದುರೆಯ ಪಾಲಾಯಿತು. ಅಜ್ಜಿ ಬೈಯಲಿಲ್ಲ, ಗಾಡಿ ಬರುತ್ತಿದ್ದ ಹೊತ್ತಿಗೆ ಗೋಡೆಯತ್ತ ತಿರುಗಿ ಮಲಗುತ್ತಿದ್ದಳು, ಅಷ್ಟೆ.

ಮೊಮ್ಮಗಳು ಪೋಸ್ಟರುಗಳನ್ನೆಲ್ಲ ತಾನೇ ಕೆರೆದು ತೆಗೆದು ಐಸ್ ಫ್ಯಾಕ್ಟರಿಗೆ ಹೋದಳು.

"ಕಟುಕನ ಹತ್ರ ಏನಮ್ಮ ಕೆಲಸ?" ಗಾಡಿಯವ ಕುದುರೆಯ ಕೊರಳು ಉಜ್ಜುತ್ತಲೇ ಕೇಳಿದ.

"ತಪ್ಪಾಯ್ತು ಅಣ್ಣ. ಇದನ್ನ ಗಾಡಿಯಿಂದ ಬಿಡಿಸೋಕೆ ನಿಮಗೇನು ಬೇಕು?"

"ಇಷ್ಟು ಕೇಳೋಕೆ ನೂರು ಹಾಳೆ ದಂಡ ಮಾಡಿದ್ಯಾ?" ಅವನು ನಕ್ಕ. "ಒಳಗೆ ಬ್ಯಾಟರಿ ಗಾಡಿ ನಿಂತಿದೆ. ಚಾರ್ಜ್ ಆಗೋಷ್ಟರಲ್ಲಿ ಒಂದು ಗಂಟೆ ತಡ. ಅಂಗಡಿಯವರು ಒಪ್ಪಲ್ಲ ಅಂತ ಸಾಹುಕಾರ್ರು ಕೊಡ್ತಿಲ್ಲ."

ಒಂದು ಗಂಟೆ ತಡವಾದರೂ ನಡೆಯುತ್ತದೆ ಎಂದು ಬರೆದ ಒಂದೇ ಹಾಳೆ ಹಿಡಿದು ಅವಳು ಅಂಗಡಿ ಅಂಗಡಿ ಅಲೆದಳು. ಕುದುರೆಯ ಕಣ್ಣೀರಿನ ಮಾತೆತ್ತಲಿಲ್ಲ. ಜ್ಯೂಸಿನವನು, ಹಾಲಿನವಳು, ಎಲ್ಲರೂ ಸಹಿ ಹಾಕಿದರು. ಮೀನಿನಂಗಡಿಯವಳು ಮಾತ್ರ ಜಗ್ಗಲಿಲ್ಲ.

"ನಿಮ್ಮಜ್ಜಿ ಕಥೆ ಕೇಳ್ಕೊಂಡು ನನ್ನ ಮೀನು ಕಾಯುತ್ತಾ?"

ಮೂರು ಬೆಳಗು ಅವಳ ಪೆಟ್ಟಿಗೆಯ ಪಕ್ಕದಲ್ಲೇ ಕೂತು, ನಿನ್ನೆಯ ಐಸು ಎಷ್ಟು ಹೊತ್ತು ಉಳಿಯುತ್ತದೆಂದು ಪುಟ್ಟಿ ಬರೆದುಕೊಂಡಳು. ಮೂರು ದಿನವೂ ಗಾಡಿ ಬಂದು ಎರಡು ಗಂಟೆಯಾದರೂ ಹಳೆಯದು ಕರಗಿರಲಿಲ್ಲ.

"ಜಿಗಣೆ ಕಣೇ ನೀನು," ಎನ್ನುತ್ತ ಮೀನಿನವಳು ಒದ್ದೆ ಬೆರಳಲ್ಲೇ ಸಹಿ ಹಾಕಿದಳು.

ಮುಂದಿನ ವಾರ ಸಾಹುಕಾರರು ಬ್ಯಾಟರಿ ಗಾಡಿ ಬಿಟ್ಟುಕೊಟ್ಟರು. ಗಾಡಿಯವನು ಕುದುರೆಯನ್ನು ಊರಾಚೆಯ ಹುಲ್ಲುಗಾವಲಿಗೆ ಹೊರಡಿಸಿದ. ಹತ್ತಿರದ ದಾರಿ ಬಿಟ್ಟು ಈ ಬೀದಿಗೇ ಬಂದ. ಮೂರು ಹೆಜ್ಜೆ ಗಟ್ಟಿ, ಒಂದು ಹಗುರ. ಹಿಂದೆ ಏನೂ ಇಲ್ಲ.

"ಅಜ್ಜೀ, ಬಂತು ನೋ..."

"ಶ್," ಎಂದಳು ಅಜ್ಜಿ, ಗೋಡೆಯಿಂದ ಇತ್ತ ಹೊರಳಿ. ಸದ್ದು ತಿರುವಿನಲ್ಲಿ ಕರಗುವವರೆಗೂ ಇಬ್ಬರೂ ಕಿವಿಗೊಟ್ಟು ಕೇಳಿದರು.