ಶಿವಗಂಗವ್ವ ಹಾಕಿದ ಬೆಸುಗೆ

ಮೂಲೆ ಖಾಲಿಯಾಗಿತ್ತು. ಸೈಕಲ್ಲಿಗೆ ಹೊದಿಸಿದ್ದ ಹಳೆಯ ಸೀರೆ ಮಡಚಿ ಸ್ಟೂಲಿನ ಮೇಲೆ ಇಟ್ಟಿತ್ತು. ದಸರೆಯ ದಿನ ಬೆಳಗ್ಗೆಯೇ ಎದ್ದು ಪುಣೆಯ ಖಡಕಿ ಬಜಾರಿನ ಹಿರಿಯರಿಗೆಲ್ಲ ಬನ್ನಿ ಕೊಟ್ಟು, ಕಾಲಿಗೆ ಬಿದ್ದು, ಹೋದಲ್ಲೆಲ್ಲ ಚಹಾ ಕುಡಿದು ಬಂದ ಕಾಡಪ್ಪ, ಉಳಿದ ಎಲೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಆ ಮೂಲೆಯನ್ನು ನೋಡಿದ.

"ಗಂಗವ್ವಾ, ಇಲ್ಲಿದ್ದ ಸೈಕಲ್ ಎಲ್ಲದ?"

ಒಳಗೆ ಹೋಳಿಗೆಯ ಹೂರಣ ರುಬ್ಬುತ್ತಿದ್ದ ಹೆಂಡತಿ ಶಿವಗಂಗವ್ವ ಕೈ ನಿಲ್ಲಿಸದೆ ಹೇಳಿದಳು, "ಮಾಧುರಿ ಅಕ್ಕೋರು ಬಂದಿದ್ರು. ಮಗಳನ್ನ ಹಿಂದ ಕ್ಯಾರಿಯರ್ ಮ್ಯಾಲ ಕೂಡಿಸ್ಕೊಂಡು, ಹತ್ತಿ ಹೋದ್ರು."

"ಎಲ್ಲಿಗೆ?"

"ಎಲ್ಲಿಗಂದ್ರ? ಮನಿಗೆ. ನಿಗಡಿಗೆ."

ಕೈಯಲ್ಲಿದ್ದ ಬನ್ನಿ ಎಲೆಗಳನ್ನು ಕಾಡಪ್ಪ ಸ್ಟೂಲಿನ ಮೇಲೆ ಹಾಕಿದ. ನಿಗಡಿಗೆ ಹೋಗುವುದೆಂದರೆ ಮುಂಬಯಿ ಹೆದ್ದಾರಿ. ಎಡಗಡೆ ಟ್ರಕ್ಕು, ಬಲಗಡೆ ಟ್ರಕ್ಕು, ನಡುವೆ ಆ ಸೈಕಲ್ಲು, ಸೈಕಲ್ಲಿನ ಹಿಂದೆ ಆರು ವರ್ಷದ ಕೂಸು.

ಮಾಧುರಿ ನಿಗಡಿಯ ಶಾಲೆಯೊಂದರಲ್ಲಿ ಕಲಿಸುವಾಕೆ, ಇವರಂತೆಯೇ ಕನ್ನಡ ಮನೆಮಾತಿನವಳು. ಸೈಕಲ್ಲು ಅವಳ ಅಪ್ಪನದು. ಇಂಗ್ಲೆಂಡಿನಲ್ಲಿ ತಯಾರಾದ ಭಾರಿ ಉಕ್ಕಿನದು. ಅಪ್ಪ ತೀರಿಕೊಂಡ ಮೇಲೆ ಗೋಡೆಗೊರಗಿ ತುಕ್ಕು ತಿನ್ನುತ್ತಿತ್ತು. ಸೀರೆಯುಟ್ಟವಳು ಹತ್ತಿಳಿಯುವಂತೆ ಅದರ ಮೇಲಿನ ಅಡ್ಡ ಪೈಪು ತೆಗೆದು, ಇಳಿಜಾರಾಗಿ ಬೇರೊಂದು ಪೈಪು ಕೂಡಿಸಿ, ಹೊಸ ಬಣ್ಣ ಹೊಡೆದು ದಸರೆಗೆ ಕೊಡಬೇಕೆಂದು ಕೇಳಿದ್ದಳು. ಇಂಥ ಕೆಲಸಕ್ಕೆ ಪುಣೆಯ ನಾಲ್ಕೂ ದಿಕ್ಕಿನಿಂದ ಜನ ಕಾಡಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ಮನೆಮನೆಗೂ ಬೈಕು ಬರುತ್ತಿದ್ದ ಆ ತೊಂಬತ್ತೇಳರಲ್ಲಿಯೂ ಹಳೆಯ ಸೈಕಲ್ಲಿನ ಮೇಲೆ ಜೀವ ಇಟ್ಟುಕೊಂಡವರು ಊರಲ್ಲಿ ಇನ್ನೂ ಇದ್ದರು.

ಗಂಡಹೆಂಡಿರ ನಡುವೆ ಕೆಲಸ ಹಂಚಿಹೋಗಿತ್ತು. ಉಜ್ಜುವುದು, ಬಣ್ಣ ಹೊಡೆಯುವುದು, ಸಣ್ಣ ಕುಂಚದಿಂದ ಬಂಗಾರದ ಗೆರೆ ಎಳೆಯುವುದು, ಚಕ್ರ ಕೂಡಿಸುವುದು ಶಿವಗಂಗವ್ವನ ಪಾಲು. ಬೆಂಕಿ ಕಾಡಪ್ಪನ ಪಾಲು. ಬೆಂಕಿ ಹೆಂಗಸರ ಕೆಲಸವಲ್ಲ ಎಂದು ಅವನು ಮೂರು ಹೊತ್ತೂ ಅವಳು ಒಲೆಯ ಮುಂದೆ ಕೂತು ಮಾಡಿದ ಅಡುಗೆ ಉಂಡು ಹೇಳುತ್ತಿದ್ದ.

ಮಾಧುರಿಯ ಸೈಕಲ್ಲಿನ ಹೊಸ ಪೈಪಿನ ಎರಡೂ ತುದಿಗಳನ್ನು ಅವನು ಉಕ್ಕಿನ ಗೂಡುಗಳಲ್ಲಿ ಕೂರಿಸಿ, ಜಾರದಿರಲಿ ಎಂದು ಎರಡೆರಡು ಚುಕ್ಕಿ ಹಿತ್ತಾಳೆ ತಾಗಿಸಿ ಬಿಟ್ಟಿದ್ದ. ಪೂರ್ತಿ ಬೆಸುಗೆ ಎಂದರೆ ಹಿತ್ತಾಳೆ ಕರಗಿ ನೀರಾಗಿ ಗೂಡಿಗೂ ಪೈಪಿಗೂ ನಡುವಿನ ಸಂದಿಯಲ್ಲಿ ಸುತ್ತಲೂ ಇಳಿಯಬೇಕು. ಅಷ್ಟರಲ್ಲಿ ಗ್ಯಾಸು ಮುಗಿಯಿತು. ಮರುದಿನವೇ ತಂಗಿಯ ಗಂಡ ದವಾಖಾನೆ ಸೇರಿದ ಸುದ್ದಿ ಬಾರಾಮತಿಯಿಂದ ಬಂತು. ಕೆಲಸ ಕಚ್ಚಾ ಇದೆ ಎಂಬ ಗುರುತಿಗೆ ಪೈಪಿಗೆ ಕೆಂಪು ಚಿಂದಿ ಕಟ್ಟಿ ಬಾರಾಮತಿಯ ಬಸ್ಸು ಹತ್ತಿದ. ತಿರುಗಿ ಬಂದಾಗ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ರಾತ್ರಿ. ಪೂಜೆಯ ದಿನ ಹತಾರ ಮುಟ್ಟುವಂತಿಲ್ಲ, ಕೆಲಸದ ಸಾಮಾನು ಕದಲಿಸುವಂತಿಲ್ಲ. ಸೈಕಲ್ಲಿಗೆ ಹೊದಿಸಿದ ಸೀರೆಯ ಮೇಲೆಯೇ ಹೂವೇರಿಸಿ ಕಾಯಿ ಒಡೆದಿದ್ದ. ಸೀರೆ ಸರಿಸಿ ನೋಡುವುದು ಅವನಿಗೆ ಹೊಳೆಯಲೇ ಇಲ್ಲ.

"ಅದು ಕಚ್ಚಾ ಇತ್ತಲ್ಲ! ಚಿಂದಿ ಕಟ್ಟಿದ್ದೆ. ಕಾಣಲಿಲ್ಲೇನು ನಿನಗ?"

ಶಿವಗಂಗವ್ವ ಈಗ ಎದ್ದು ಬಾಗಿಲಿಗೆ ಬಂದಳು. "ಕಂಡಿತ್ತು. ನೀವು ಹ್ವಾದ ಮರುದಿನ ಸಿಲಿಂಡರ್ ಬಂತು. ದಸರಾಕ್ಕ ಕೊಡ್ತೀನಿ ಅಂತ ಅಕ್ಕೋರಿಗೆ ನೀವ ಮಾತು ಕೊಟ್ಟಿದ್ರಿ. ಅದಕ್ಕ ನಾನ ಬೆಸಿಗಿ ಹಾಕಿದೆ."

"ನೀನು?"

"ಹೂಂ, ನಾನ."

"ಯಾವಾಗ ಕಲ್ತಿ ನೀನು?"

"ಹದಿನೈದು ವರ್ಷ ನಿಮ್ಮ ಬಾಜೂಕ ಕುಂತು ನೋಡೀನಲ್ಲ." ಅವಳ ದನಿಯಲ್ಲಿ ಅಂಜಿಕೆಯೂ ಇತ್ತು, ಅದರ ಮೇಲೊಂದಿಷ್ಟು ಹೆಮ್ಮೆಯೂ ಇತ್ತು. "ನೀವು ಬಂದ ಕೂಡ್ಲೇ ಹೇಳಿದ್ರ ಹಬ್ಬದಾಗ ಜಗಳ ಅಂತ ಸುಮ್ನಿದ್ದೆ. ಹಿಡೀತದ ರೀ ಅದು. ಭಾಳ ಸಾವಕಾಶ ಹಾಕೀನಿ."

ಕಾಡಪ್ಪ ಮುಂದಿನ ಮಾತು ಕೇಳಲಿಲ್ಲ. ದೇವರ ಮುಂದಿದ್ದ ಹತಾರಗಳಿಂದ ಉಕ್ಕು ಕೊಯ್ಯುವ ಗರಗಸವನ್ನು ಎತ್ತಿ ಚೀಲಕ್ಕೆ ತುರುಕಿದ. ಅದಕ್ಕೆ ಹಚ್ಚಿದ ಕುಂಕುಮ ಅಂಗೈಗೆ ಅಂಟಿತು.

ಅವನ ಅಂಜಿಕೆ ಸುಳ್ಳಲ್ಲ. ನಾಲ್ಕೈದು ವರ್ಷದ ಹಿಂದೆ ಅವನೇ ಹಾಕಿದ ಬೆಸುಗೆಯೊಂದು ಹೋಳ್ಕರ ಸೇತುವೆಯ ಮೇಲೆ ಬಿಟ್ಟು, ಅಂಚೆಯವನೊಬ್ಬನ ದವಡೆ ಮುರಿದಿತ್ತು. ಹೊರಗೆ ನೋಡಿದರೆ ಹಿತ್ತಾಳೆ ಹಳದಿಯಾಗಿ ಸುತ್ತಿಕೊಂಡಿತ್ತು. ಒಳಗೆ ಇಳಿದೇ ಇರಲಿಲ್ಲ. ಚಿಂದಿ ಕಟ್ಟುವ ಪದ್ಧತಿ ಶುರುವಾದದ್ದು ಅಲ್ಲಿಂದ. ಇಪ್ಪತ್ತು ವರ್ಷ ಬೆಂಕಿ ಹಿಡಿದ ತನಗೇ ಮೋಸವಾಗಿದ್ದರೆ ಇವಳ ಪಾಡೇನು ಎಂದು ಅವನ ಲೆಕ್ಕ.

ತನ್ನ ಸೈಕಲ್ಲು ಹತ್ತಿ ದಾಪೋಡಿಯ ಸೇತುವೆ ದಾಟಿದ. ಹೆದ್ದಾರಿಯ ತುಂಬ ಹಬ್ಬ. ಟ್ರಕ್ಕುಗಳ ಮೂತಿಗೆ ಬಾಳೆಕಂಬ, ರಿಕ್ಷಾಗಳಿಗೆ ಚೆಂಡುಹೂವಿನ ಮಾಲೆ. ಎಲ್ಲಿ ನಾಲ್ಕು ಜನ ಗುಂಪು ನಿಂತಿದ್ದರೂ ಅವನ ಜೀವ ಬಾಯಿಗೆ ಬರುತ್ತಿತ್ತು. ಕಾಸಾರವಾಡಿಯ ಹತ್ತಿರ ರಸ್ತೆಯ ಬದಿಯಲ್ಲಿ ಅಂಥದೊಂದು ಗುಂಪು ಕಂಡು, ಸೈಕಲ್ಲನ್ನು ಅಲ್ಲೇ ಕೆಡವಿ ಜನರನ್ನು ತಳ್ಳಿಕೊಂಡು ಒಳನುಗ್ಗಿದ. ಹೊಸ ಟೆಂಪೋಗೆ ಪೂಜೆ ನಡೆದಿತ್ತು. "ಕಾಯ್ ಝಾಲಂ, ಮಾಮಾ?" ಏನಾಯಿತೆಂದು ಯಾರೋ ಮರಾಠಿಯಲ್ಲಿ ಕೇಳಿ, ಅವನ ಕೈಗೊಂದು ಪೇಢೆ ಕೊಟ್ಟರು. ಅದನ್ನು ತಿನ್ನಲೂ ಆಗದೆ ಬಿಸಾಡಲೂ ಆಗದೆ ಜೇಬಿಗೆ ಹಾಕಿಕೊಂಡ.

ಪಿಂಪ್ರಿ ದಾಟಿತು, ಚಿಂಚವಡ ದಾಟಿತು. ಈ ತಗ್ಗಿನಲ್ಲಿ ಬಿಟ್ಟಿರಬಹುದು, ಆ ಉಬ್ಬಿನ ಮೇಲೆ ಬಿಟ್ಟಿರಬಹುದು ಎಂದು ಎಣಿಸುತ್ತ ತುಳಿದ. ನಡುವೆ ಒಮ್ಮೆ, ಬಿಟ್ಟಿದ್ದರೆ ಅದು ತಾನು ಹಾಕಿದ ಬೆಸುಗೆಯಲ್ಲ ಎಂಬ ಯೋಚನೆ ಬಂತು. ಬಂದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಕೆಯಾಯಿತು.

ಮಾಧುರಿಯ ಮನೆಯ ಗೇಟಿನೊಳಗೆ ಸೈಕಲ್ಲು ನಿಂತಿತ್ತು. ಎಲೆಹಸಿರು ಬಣ್ಣ, ಅದರ ಮೇಲೆ ಕೂದಲೆಳೆಯಂಥ ಬಂಗಾರದ ಗೆರೆ, ಹ್ಯಾಂಡಲಿಗೆ ಹೂವಿನ ಮಾಲೆ. ಕ್ಯಾರಿಯರ್ ಮೇಲೆ ಮಗಳು ರಂಜನಾ ಕೂತು ಬಾಯಲ್ಲೇ ಸೈಕಲ್ ಗಂಟೆ ಬಾರಿಸುವ ಆಟ ಆಡುತ್ತಿದ್ದಳು. ಕಾಡಪ್ಪ ಏದುಸಿರು ಬಿಡುತ್ತ ಹೋದವನೇ ಅವಳನ್ನು ಎತ್ತಿ ಕೆಳಗಿಳಿಸಿದ. ಕೂಸು ಹೆದರಿ ಒಳಗೆ ಓಡಿತು.

ಮಾಧುರಿ ಆರತಿ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು. "ಅಯ್ಯ, ಕಾಡಪ್ಪಣ್ಣಾ! ಬರ್ರಿ, ಬರ್ರಿ. ಎಷ್ಟ್ ಛಂದ ಆಗ್ಯದ ಅಂತೀರಿ. ಅಪ್ಪಾ ಇದ್ದಿದ್ರ…"

"ಅಕ್ಕೋರ, ಈ ಪೈಪಿನ ಬೆಸಿಗಿ ನೋಡಬೇಕ್ರಿ. ಕಚ್ಚಾ ಇರಬೇಕಂತ ಸಂಶಯ ಅದ."

"ಗಂಗವ್ವಾರು ಹೇಳಿದ್ರಲ್ಲ? ಬೆಸಿಗಿ ನಾನ ಹಾಕೀನಿ, ಕೂಸನ್ನ ಕೂಡಿಸಿದ್ರೂ ಚಿಂತಿಲ್ಲ ಅಂತ."

ಕಾಡಪ್ಪನಿಗೆ ಇದು ಗೊತ್ತಿರಲಿಲ್ಲ. ಗಿರಾಕಿಯ ಮುಂದೆ ಹೇಳಿಕೊಳ್ಳುವಷ್ಟು ಮುಂದೆ ಹೋಗಿದ್ದಾಳೆಯೇ? ಅಂಜಿಕೆಯ ಜೊತೆಗೆ ಸಿಟ್ಟೂ ಸೇರಿತು. ಮಂಡಿಯೂರಿ ಕೂತು ಪೈಪನ್ನು ಗರಗಸದ ಹಿಡಿಯಿಂದ ಬಡಿದು ನೋಡಿದ. ಸಪ್ಪಳ ಸರಿಯಿತ್ತು. ಉಗುರಿನಿಂದ ಗೂಡಿನ ಅಂಚಿನ ಬಣ್ಣ ಕೆರೆದ. ಹಳದಿ ಗೆರೆ ಕಂಡಿತು, ಎಲ್ಲೂ ಕಡಿಯದ ಗೆರೆ. ಹೋಳ್ಕರ ಸೇತುವೆಯ ಸೈಕಲ್ಲಿನಲ್ಲೂ ಹೀಗೆಯೇ ಕಂಡಿತ್ತು. ಒಳಗೆ ಏನಿದೆಯೆಂದು ತಿಳಿಯಬೇಕಾದರೆ ಕೊಯ್ಯುವುದೊಂದೇ ದಾರಿ.

"ಹಬ್ಬದ ದಿನ ಕೊಯ್ತೀರೇನ್ರಿ? ಈಗಷ್ಟ ಪೂಜಾ ಮಾಡೀನಿ." ಮಾಧುರಿಯ ಮುಖ ಸಣ್ಣದಾಯಿತು.

"ಕೂಸಿನ ಜೀವಕ್ಕಿಂತ ಹೆಚ್ಚೇನ್ರಿ ಅಕ್ಕೋರ?"

ಆ ಮಾತಿಗೆ ಯಾವ ತಾಯಿ ತಾನೇ ಎದುರಾಡುತ್ತಾಳೆ? ಅವಳೇ ಮಾಲೆ ತೆಗೆದು ಪಕ್ಕಕ್ಕಿಟ್ಟಳು.

ಗರಗಸ ಗೂಡಿನ ನಡುವೆ ಇಳಿಯಿತು. ಹಸಿರು ಬಣ್ಣ ಹುಡಿಯಾಗಿ ಉದುರಿತು, ಆಮೇಲೆ ಬೂದು ಉಕ್ಕಿನ ಹುಡಿ, ಅದರ ಹಿಂದೆಯೇ ಹಳದಿ. ಒಂದು ತುದಿ ಬಿಟ್ಟಿತು. ಕಾಡಪ್ಪ ಬಗ್ಗಿ ನೋಡಿದ. ಹೊರಗೆ ಗೂಡಿನ ಉಕ್ಕು, ಒಳಗೆ ಪೈಪಿನ ಉಕ್ಕು, ಎರಡರ ನಡುವೆ ಹಿತ್ತಾಳೆ ಸುತ್ತಲೂ ತುಂಬಿ ನಿಂತಿತ್ತು. ಕೂದಲು ತೂರುವಷ್ಟೂ ಸಂದಿಯಿರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಒಂದು ತುದಿ ಹೇಗೋ ದೈವವಶಾತ್ ಕೂಡಿಬಂದಿರಬಹುದು, ಇನ್ನೊಂದು ಹಾಗಿರಲಿಕ್ಕಿಲ್ಲ ಎಂದುಕೊಂಡು ಗರಗಸವನ್ನು ಆ ಕಡೆ ಇಟ್ಟ. ಇರಲಿಕ್ಕಿಲ್ಲ ಎನ್ನುವಾಗ ಇರದೇ ಇರಲಿ ಎಂಬ ಆಸೆಯೂ ಅದರಲ್ಲಿತ್ತು ಎಂದು ಅವನಿಗೆ ಆಗಲೇ ತಿಳಿಯಿತು. ಪೈಪು ಪೂರ್ತಿ ಕಳಚಿ ಕೈಗೆ ಬಂತು. ಆ ತುದಿಯಲ್ಲೂ ಹಾಗೆಯೇ ಇತ್ತು, ಇನ್ನಷ್ಟು ಸಾಫಾಗಿ. ತಾನು ಹಾಕಿದ್ದರೆ ಇಷ್ಟು ಸಾಫು ಬರುತ್ತಿತ್ತೇ ಎಂದು ಅವನಿಗೆ ಖಾತ್ರಿಯಿರಲಿಲ್ಲ.

ಮಾಧುರಿ ಬಗ್ಗಿ ಕೇಳಿದಳು, "ಈ ಹಳದೀದು ಏನ್ರಿ? ಖರೇನ ಕಚ್ಚಾ ಇತ್ತೇನ್ರಿ?"

ಕಾಡಪ್ಪ ಪೈಪಿನ ಬಾಯನ್ನು ಅಂಗೈಯಿಂದ ಮುಚ್ಚಿದ.

"ಹೌದ್ರಿ. ಕಚ್ಚಾ ಇತ್ತು."

"ಅಯ್ಯೋ ದೇವರ! ಹಂಗಾರ ಗಂಗವ್ವಾರು ಯಾಕ ಹಂಗ ಹೇಳಿದ್ರು?"

"ಆಕಿಗೆ ತಿಳಿಯೂದಿಲ್ರಿ."

ಮಾಧುರಿ ಕಣ್ಣಲ್ಲಿ ನೀರು ತಂದುಕೊಂಡು ಕೈ ಮುಗಿದಳು. ಮಗಳನ್ನು ಕರೆದು ಅವನ ಕಾಲಿಗೆ ನಮಸ್ಕಾರ ಮಾಡಿಸಿದಳು. ಬೇರೆ ಯಾರೇ ಆಗಿದ್ದರೂ ಮನೆಯಲ್ಲಿ ಹಬ್ಬದೂಟ ಉಣ್ಣುತ್ತ ಕೂತಿರುತ್ತಿದ್ದರು, ನೀವು ಇಷ್ಟು ದೂರ ಓಡಿ ಬಂದಿರಿ ಎಂದಳು. ಕಾಡಪ್ಪ ಜೇಬಿನಲ್ಲಿದ್ದ ಪೇಢೆಯನ್ನು ಕೂಸಿನ ಕೈಗಿಟ್ಟ. ನಾಳೆಯೇ ಬಂದು ಸೈಕಲ್ಲು ಒಯ್ದು ಹೊಸ ಪೈಪು ಕೂಡಿಸಿ ಕೊಡುತ್ತೇನೆಂದು ಹೇಳಿ, ಕೊಯ್ದ ಪೈಪನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ದಾಪೋಡಿಯ ಸೇತುವೆಯ ಮೇಲೆ ಇಳಿದು ನಿಂತ. ಕೆಳಗೆ ಹೊಳೆ ಕಪ್ಪಗೆ ಹರಿಯುತ್ತಿತ್ತು. ಪೈಪನ್ನು ಎಸೆದುಬಿಟ್ಟರೆ ಮುಗಿಯಿತು. ಮನೆಗೆ ಹೋಗಿ ಏನು ಬೇಕಾದರೂ ಹೇಳಬಹುದು. ಚೀಲದಲ್ಲಿ ಕೈ ಹಾಕಿ ಪೈಪನ್ನು ಹಿಡಿದ. ಸುಳ್ಳು ಹೇಳಿದಷ್ಟು ಸುಲಭಕ್ಕೆ ಅದನ್ನು ಎಸೆಯಲು ಆಗಲಿಲ್ಲ.

ಶಿವಗಂಗವ್ವ ಉಣ್ಣದೆ ಕಾಯುತ್ತ ಹೊಸ್ತಿಲಲ್ಲೇ ಕೂತಿದ್ದಳು. ಅವನನ್ನು ಕಂಡವಳೇ ಎದ್ದಳು. "ಕೂಸು ಅರಾಮ ಅದ ಹೌದಿಲ್ಲೋ?"

"ಅರಾಮ ಅದ."

"ಮತ್ತ… ಬೆಸಿಗಿ?"

ಕಾಡಪ್ಪ ಚೀಲದಿಂದ ಪೈಪು ತೆಗೆದು ಕೊಟ್ಟ. ಕೊಯ್ದದ್ದನ್ನು ಕಂಡು ಅವಳ ಬಣ್ಣವೇ ಹೋಯಿತು. ಸೆರಗಿನಿಂದ ತುದಿ ಒರೆಸಿ ಬೆಳಕಿಗೆ ಹಿಡಿದಳು. ತಿರುವಿ ಇನ್ನೊಂದು ತುದಿ ನೋಡಿದಳು. ನಿಧಾನವಾಗಿ ಅವಳ ಮುಖ ಅರಳಿತು. ಮದುವೆಯಾಗಿ ಬಂದ ಹೊಸದರಲ್ಲಿ ಬಿಟ್ಟರೆ ಅವಳು ಹಾಗೆ ನಕ್ಕದ್ದನ್ನು ಕಾಡಪ್ಪ ನೋಡಿರಲಿಲ್ಲ.

"ಸುತ್ತೂ ಇಳದದ ನೋಡ್ರಿ! ಎರಡೂ ಕಡೆ!" ಬೆರಳನ್ನು ಆ ಹಳದಿ ಅಂಚಿನ ಮೇಲೆ ಆಡಿಸುತ್ತ ಹೇಳಿದಳು. "ನಿಮ್ಮ ಮುಂದ ಹಿಡೀತದ ಅಂತ ಅಂದೆ ಖರೆ, ಒಳಗ ಇಳದದೋ ಇಲ್ಲೋ ಅಂತ ನನ್ನ ಜೀವಾನೂ ಡವಡವ ಅಂತಿತ್ತು ರೀ. ನೀವು ಹ್ವಾದಾಗಿಂದ ಒಂದು ತುತ್ತು ಇಳದಿಲ್ಲ. ಕೊಯ್ದದ್ದು ಚಲೋನ ಆತು ಬಿಡ್ರಿ, ಇಲ್ಲಾಂದ್ರ ಗೊತ್ತಾಗತಿತ್ತೇನು?"

ಅವನು ಚಪ್ಪಲಿ ಬಿಡದೆ ಹೊಸ್ತಿಲ ಹೊರಗೇ ನಿಂತಿದ್ದ.

"ಅಕ್ಕೋರಿಗೂ ತೋರಿಸಿದ್ರಿಲ್ಲೋ? ಏನಂದ್ರು?"

"ಕಚ್ಚಾ ಇತ್ತು ಅಂತ ಹೇಳಿ ಬಂದೀನಿ."

ಹಿತ್ತಾಳೆಯ ಮೇಲೆ ಸುತ್ತುತ್ತಿದ್ದ ಬೆರಳು ಅರ್ಧಕ್ಕೇ ನಿಂತಿತು. ಶಿವಗಂಗವ್ವ ಅವನ ಮುಖವನ್ನು ಒಮ್ಮೆ ನೋಡಿದಳು. ಬಗ್ಗಿ ಪೈಪನ್ನು ಹೊಸ್ತಿಲ ಹೊರಗಿನ ನೆಲದ ಮೇಲೆ ಮಲಗಿಸಿ, ಊಟದ ತಾಟು ಹಾಕಲು ಒಳಗೆ ಹೋದಳು. ಪೈಪು ಮೆಲ್ಲಗೆ ಉರುಳಿ ಬಂದು, ಅವನ ಕಾಲಿಗೆ ತಾಗಿ ನಿಂತಿತು.